ತಿಕೋಟಾದ ತರನ್ನುಮ ಬ್ರಷ್ ತೊಳೆಯಲು ಮದುವೆ ನಿಲ್ಲಿಸಿದ ಕಥೆ

ಕೇಳಿರಿ, ಬಂಧುಗಳೇ. ಕುಳಿತವರು ಕುಳಿತಲ್ಲಿಯೇ, ಚಹಾ ಹಿಡಿದವರು ಚಹಾ ಹಿಡಿದುಕೊಂಡೇ ಕೇಳಿರಿ. ಇಂದು ನಾನು ಹೇಳಹೊರಟದ್ದು ಸಂತರ ಕಥೆಯಲ್ಲ. ಸಂತರ ಕಥೆ ಹೇಳುವಾಗ ನಿಮ್ಮಲ್ಲಿ ಅರ್ಧದಷ್ಟು ಜನ ತೂಕಡಿಸುವುದನ್ನು ಮೂವತ್ತು ವರ್ಷಗಳಿಂದ ವೇದಿಕೆಯ ಮೇಲೆ ಕುಳಿತು ನೋಡುತ್ತ ಬಂದಿದ್ದೇನೆ. ಆದ್ದರಿಂದ ಈ ಸಲ ಪೌಡರಿನ ಕಥೆ. ತಿಕೋಟಾದಲ್ಲಿ ಮದುಮಕ್ಕಳಿಗೆ ಮೇಕಪ್ ಮಾಡುವ ತರನ್ನುಮ ಎಂಬ ಹೆಣ್ಣುಮಗಳ ಕಥೆ.

ತರನ್ನುಮಳ ತಂದೆ ಗೈಬುಸಾಬ ಮನೆಗಳಿಗೆ ಬಣ್ಣ ಬಳಿಯುವವನು. ಸಂಜೆ ಮನೆಗೆ ಬಂದವನೇ ತನ್ನ ಕೈಕಾಲಿಗಿಂತ ಮೊದಲು ಬ್ರಷ್ ತೊಳೆಯುತ್ತಿದ್ದ. ತೊಳೆದದ್ದನ್ನು ಮಗಳು ಡಬ್ಬಿಯಲ್ಲಿ ನೆಟ್ಟಗೆ ಇಟ್ಟರೆ ಬೈಗುಳ ಖಂಡಿತ. "ನಿಂದ್ರಸಬ್ಯಾಡ ಬೇ, ಮಲಗಸು! ನೀರ ಬುಡಕ್ಕ ಇಳದ್ರ ಕೂದಲಾ ಉದರತಾವು." ಆ ಮಗಳು ಮುಂದೆ ವಿಜಯಪುರದಲ್ಲಿ ಆರು ತಿಂಗಳು ಪಾರ್ಲರ್ ಕೆಲಸ ಕಲಿತು, ಮನೆಯ ಹಿಂದಿನ ಕೋಣೆಯಲ್ಲಿ ಕನ್ನಡಿ ತೂಗುಹಾಕಿದಳು. ತಂದೆ ಗೋಡೆಗೆ ಬಣ್ಣ ಹಚ್ಚಿದ, ಮಗಳು ಗಲ್ಲಕ್ಕೆ. ಗೋಡೆ ತಿರುಗಿ ಮಾತಾಡುವುದಿಲ್ಲ, ಗಲ್ಲದ ಪಕ್ಕದಲ್ಲೇ ಬಾಯಿ ಇರುತ್ತದೆ, ವ್ಯತ್ಯಾಸ ಇಷ್ಟೇ.

ಪ್ರತಿ ಗುರುವಾರ ಅವಳು ಬ್ರಷ್ ತೊಳೆಯುವುದನ್ನು ನೋಡಬೇಕು. ನಮ್ಮಲ್ಲಿ ಅನೇಕರು ಪೂಜೆಯನ್ನೂ ಅಷ್ಟು ನಿಷ್ಠೆಯಿಂದ ಮಾಡುವುದಿಲ್ಲ. ಮಾಡುವವನೆಂದು ಹೆಸರಾದ ನಾನೂ ಮಾಡುವುದಿಲ್ಲ. ಮೊದಲು ಅಂಗೈಯಲ್ಲಿ ನಾಲ್ಕು ಹನಿ ಕುಸುಬಿ ಎಣ್ಣೆ. ಲಿಪ್‌ಸ್ಟಿಕ್, ಫೌಂಡೇಶನ್ನುಗಳ ಜಿಗುಟನ್ನು ಎಣ್ಣೆಯೇ ಬಿಡಿಸುತ್ತದೆ. ಆಮೇಲೆ ಉಗುರುಬೆಚ್ಚನೆಯ ನೀರು, ಸ್ವಲ್ಪ ಶಾಂಪೂ. ಶಾಂಪೂ ತೀರಿದ್ದರೆ ಅಂಟುವಾಳದ ನೊರೆ. ಕೂದಲು ಸದಾ ಕೆಳಮುಖ. ಕೂದಲನ್ನು ಹಿಡಿಗೆ ಬಂಧಿಸಿದ ತಗಡಿನ ಕೊರಳಿಗೆ ನೀರು ಮುಟ್ಟಬಾರದು; ಮುಟ್ಟಿದರೆ ಒಳಗಿನ ಅಂಟು ಸಡಿಲುತ್ತದೆ. ಹಿಂಡಿದ ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ತೊಳೆದು, ಹಳೆಯ ಧೋತರದ ತುಂಡಿನಲ್ಲಿ ಒತ್ತಿ, ಬೆರಳಿನಿಂದ ಆಕಾರ ತಿದ್ದಿ, ಮೇಜಿನ ಅಂಚಿನಲ್ಲಿ ಕೂದಲು ಹೊರಚಾಚುವಂತೆ ಮಲಗಿಸುತ್ತಾಳೆ. ತಂದೆಯ ಬೈಗುಳ ವ್ಯರ್ಥವಾಗಲಿಲ್ಲ.

ಇನ್ನು ನಿಡೋಣಿಯ ನಿರ್ಮಲಾಳ ಸಂಗತಿ. ರೈತ ಅಮೋಘಿಯ ಮಗಳು. ನಿಶ್ಚಯದ ದಿನ ಯಾವುದೋ ಪಾರ್ಲರಿನವರು ಯಾರ‍್ಯಾರಿಗೋ ಹಚ್ಚಿದ ಬ್ರಷ್ಷನ್ನೇ ಈ ಹುಡುಗಿಗೂ ಆಡಿಸಿದರು. ಮೂರನೆಯ ದಿನಕ್ಕೆ ಮುಖದ ತುಂಬ ಕೀವುಗುಳ್ಳೆ. ಹುಡುಗಿ ಎರಡು ತಿಂಗಳು ಹೊರಗೆ ಬರಲಿಲ್ಲ. ವರ ಫೋನ್ ಮಾಡಿ ಮುಖ ತೋರಿಸೆಂದರೆ ಮೊಬೈಲನ್ನು ತಲೆಯ ಮೇಲಿನ ಛತ್ತಿಗೆ ತಿರುಗಿಸಿ ಮಾತಾಡಿದಳಂತೆ. ಮದುವೆಗೆ ತರನ್ನುಮಳನ್ನು ಕರೆಯಲು ಬಂದಾಗ ನಿರ್ಮಲಾ ಕೇಳಿದ್ದು ಒಂದೇ. "ಅಕ್ಕಾ, ಮತ್ತ ಹಂಗ ಆಗೂದಿಲ್ಲಲ್ಲ?" ತರನ್ನುಮ ಅವಳ ಗಲ್ಲ ಮುಟ್ಟಿ ನುಡಿದಳು: "ಹೊಲಸ ಬ್ರಷ್ ನಿನ್ನ ಮಾರಿ ಮುಟ್ಟೂದಿಲ್ಲ. ಮಾತ ಕೊಟ್ಟೇನಿ."

ಮೇ ತಿಂಗಳ ಮದುವೆ. ಅಕ್ಕಿಕಾಳು ಬೀಳುವ ಮುಹೂರ್ತ ಹನ್ನೆರಡೂವರೆ ಎಂದು ಲಗ್ನಪತ್ರಿಕೆಯಲ್ಲಿ ಅಚ್ಚಾಗಿತ್ತು. ಆಶೀರ್ವಚನಕ್ಕೆಂದು ಕರೆಸಿಕೊಂಡ ನನಗೆ ಹತ್ತು ನಿಮಿಷ ಕೊಟ್ಟಿದ್ದರು. "ಹತ್ತಂದ್ರ ಹತ್ತರಿ, ಶರಣರ" ಎಂದು ಅಮೋಘಿ ಎರಡು ಸಲ ಎಚ್ಚರಿಸಿದ್ದ. ನನ್ನ ಖ್ಯಾತಿ ನಿಡೋಣಿಗೂ ಮುಟ್ಟಿತ್ತೆಂದು ತಿಳಿದೆ.

ಒಳಗೆ ಮೇಕಪ್ ಮುಗಿಯುತ್ತ ಬಂದಿತ್ತು. ಅವಳಲ್ಲಿದ್ದ ಒಂದೇ ಒಂದು ದೊಡ್ಡ ಬ್ರಷ್ಷಿನಿಂದ ಪೌಡರ್ ಹಚ್ಚುವುದಷ್ಟೇ ಬಾಕಿ. ತರನ್ನುಮ ಕೈ ತೊಳೆಯಲು ಹೋಗಿ ಬರುವಷ್ಟರಲ್ಲಿ ಆ ಬ್ರಷ್ ಮಾಯ. ಹುಡುಕುತ್ತ ಅಂಗಳಕ್ಕೆ ಬಂದರೆ, ಹಂದರದ ಬಾಗಿಲಲ್ಲಿ ಮದುಮಗಳ ಅಜ್ಜಿ ಸಕ್ರವ್ವ ನಿಂತಿದ್ದಾಳೆ. ಎಡಗೈಯಲ್ಲಿ ಭಂಡಾರದ ಚೀಲ, ಬಲಗೈಯಲ್ಲಿ ಬ್ರಷ್. ಬಂದ ಬೀಗರಿಗೆಲ್ಲ ಹಣೆಗೆ ಭಂಡಾರ, ಅಂದರೆ ದೇವರ ಅರಿಶಿನ, ಹಚ್ಚುವುದು ಆ ಮನೆಯ ಪದ್ಧತಿ. ಬೆರಳಿನ ಬದಲು ಅಜ್ಜಿ ಬ್ರಷ್ ಹಿಡಿದಿದ್ದಳು.

"ಬೆರಳಲೆ ಹಚ್ಚಿದ್ರ ಹೊತ್ತ ಹಿಡಿತಿತ್ತ ಬೇ. ಇದರಲೆ ಸರ‍್ರಂತ ಹೋಗತೈತಿ. ಎಷ್ಟ ಮೆತ್ತಗೈತಿ ನೋಡು, ಕುರಿಮರಿ ಬಾಲದಂಗ!"

ಅಷ್ಟರಲ್ಲಿ ಮೂವತ್ತು ಹಣೆಗಳು ಹಳದಿಯಾಗಿದ್ದವು. ನನ್ನದೂ ಒಂದು. ಸುಳ್ಳೇಕೆ ಹೇಳಲಿ, ಸುಖವಾಗಿತ್ತು.

ತರನ್ನುಮ ಬ್ರಷ್ ತೆಗೆದುಕೊಂಡು, "ಇದನ್ನ ತೊಳಿಬೇಕರಿ. ಒಣಗಾಕ ಒಂದ ತಾಸ ಬೇಕು" ಎಂದಳು.

"ತಾಸ? ಸೆರಗಿಲೆ ವರಸಿ ಹಚ್ಚಬೇ!" ಅಮೋಘಿಗೆ ಬೆವರು ಕಿತ್ತುಬಂತು.

ವರನ ಸೋದರಮಾವ ಸಂಗು ಎದ್ದು ನಿಂತ. ಕೊರಳ ಮೇಲಿನ ಗಜಕರ್ಣವನ್ನು ಕೆರೆದುಕೊಳ್ಳುತ್ತಲೇ ಗುಡುಗಿದ. "ಇಲ್ಲಿ ಲಗ್ನ ಐತೋ, ಬ್ರಷ್ ತೊಳಿಯೂದೈತೋ? ಇನ್ನ ಮ್ಯಾಲೆ ಜೈನಾಪುರ, ಸಾರವಾಡ ಎಲ್ಲೂ ನಿನ್ನ ಕರಿಯಂಗಿಲ್ಲ, ತಿಳ್ಕೊ!"

"ಕರೀಬ್ಯಾಡ್ರಿ, ಮಾಮಾ," ಎಂದಳು ತರನ್ನುಮ. "ಆದ್ರ ಆ ಹುಡುಗಿಗೆ ನಾ ಮಾತ ಕೊಟ್ಟೇನಿ."

ಸಕ್ರವ್ವನ ಮುಖ ಗಂಟಿಕ್ಕಿತು. "ಯಾಕ ಬೇ, ನಮ್ಮ ದೇವರ ಭಂಡಾರ ಹೊಲಸೇನು?"

ಇಂಥ ಪ್ರಶ್ನೆಗೆ ಉತ್ತರ ತಪ್ಪಿದರೆ ಏನಾಗುತ್ತದೆಂಬುದನ್ನು ನಾನು ನಿಮಗೆ ಹೇಳಬೇಕಿಲ್ಲ. ನಾನಂತೂ ಭಗವಂತನನ್ನು ನೆನೆದು ಸುಮ್ಮನೆ ಕುಳಿತೆ. ಪ್ರವಚನಕಾರನ ಧೈರ್ಯ ಮೈಕಿನ ಮುಂದೆ ಮಾತ್ರ.

ತರನ್ನುಮ ಅಜ್ಜಿಯ ಹತ್ತಿರ ಹೋದಳು. "ಭಂಡಾರ ಹೊಲಸಲ್ಲ, ಆಯಿ. ಭಂಡಾರದ ಕೂಡ ಮೂವತ್ತ ಮಂದಿ ಹಣಿ ಬೆವರ ಇದಕ್ಕ ಹತ್ತೇತಿ. ಅದನ್ನ ನಿನ್ನ ಮೊಮ್ಮಗಳ ಗಲ್ಲಕ್ಕ ಹಚ್ಚಲೇನು?"

ಸಕ್ರವ್ವ ತಾನು ಹಚ್ಚಿದ ಹಣೆಗಳನ್ನೆಲ್ಲ ಒಂದೊಂದಾಗಿ ನೋಡುತ್ತ ಬಂದಳು. ನನ್ನನ್ನು ನೋಡಿ ಸ್ವಲ್ಪ ತಡೆದಳು. ಕೊನೆಗೆ, ಇನ್ನೂ ಕೆರೆದುಕೊಳ್ಳುತ್ತಿದ್ದ ಸಂಗುವಿನ ಮೇಲೆ ಅವಳ ದೃಷ್ಟಿ ನಿಂತಿತು.

"ಇವನ ಬೆವರಾ? ಯವ್ವಾ, ತೊಳಿ, ತೊಳಿ! ಲೇ ಅಮೋಘಿ, ಬಿಸಿನೀರ ತರಸೋ! ಆದ್ರ ಭಂಡಾರದ ನೀರ ಮೋರಿಗೆ ಚೆಲ್ಲಬ್ಯಾಡ ಮಗಳ, ಬೇವಿನ ಗಿಡದ ಬುಡಕ್ಕ ಹಾಕು."

"ಅಷ್ಟೂ ತಿಳಿಯಂಗಿಲ್ಲೇನ ಆಯಿ ನನಗ?"

ಅಡಿಗೆಯವರಿಂದ ಕುಸುಬಿ ಎಣ್ಣೆ ಬಂತು, ಅಂಗಡಿಯಿಂದ ಶಾಂಪೂ ಪಾಕೀಟು ಬಂತು. ಐದು ಸಲ ತೊಳೆದಾಗ ನೀರು ತಿಳಿಯಾಯಿತು. ಕೂದಲ ತುದಿಯ ಹಳದಿ ಮಾತ್ರ ಹೋಗಲಿಲ್ಲ. "ಇರಲಿ, ಇದು ಕಲೆ, ಕೊಳಿ ಅಲ್ಲ" ಎಂದಳು ತರನ್ನುಮ. ಒಲೆಯ ಮೇಲೆ ಹಿಡಿಯೋಣವೆಂದ ಅಡಿಗೆಯವನನ್ನು ಗದರಿಸಿ, ಬ್ರಷ್ಷನ್ನು ರೊಟ್ಟಿಬುಟ್ಟಿಯ ಅಂಚಿನಲ್ಲಿ ಮಲಗಿಸಿದಳು. ಬಳಿಕ ಬೀಗರ ಮುಂದಿದ್ದ ಕೂಲರನ್ನು ಹೊರಿಸಿ ತಂದು, ಅದರ ನೀರನ್ನೆಲ್ಲ ಚೆಲ್ಲಿ, ಒಣಗಾಳಿಯನ್ನು ಬ್ರಷ್ಷಿಗೆ ತಿರುಗಿಸಿದಳು. ವರನ ಕಡೆಯ ಹಿರಿಯರು ಬಿಸಿಲಿಗೆ ಹಾಕಿದ ಹಪ್ಪಳಗಳಾದರು.

ಆಗ ಅಮೋಘಿ ಓಡಿಬಂದು ನನ್ನ ಕೈ ಹಿಡಿದ. "ಶರಣರ, ಎಷ್ಟ ಬೇಕಷ್ಟ ಮಾತಾಡ್ರಿ! ಹತ್ತ ನಿಮಿಷದ್ದ ಬಿಡ್ರಿ!"

ನನ್ನ ಮಾತು ಉದ್ದವಾಗಲೆಂದು ಬೇಡಿಕೊಂಡ ಮೊದಲ ಭಕ್ತ ಅವನು, ಬಹುಶಃ ಕೊನೆಯವನೂ. ನಾನು ಅಂತರಂಗದ ಶುದ್ಧಿಯನ್ನು ಕುರಿತು ಐವತ್ತು ನಿಮಿಷ ಮಾತಾಡಿದೆ. ಒಳಗೆ ತರನ್ನುಮ ನಿಜವಾಗಿ ಏನನ್ನೋ ಶುದ್ಧ ಮಾಡುತ್ತಿದ್ದಳು. ಭಗವಂತ ಆ ಹೊತ್ತು ಎರಡರಲ್ಲಿ ಯಾವುದನ್ನು ನೋಡುತ್ತ ನಿಂತಿದ್ದನೆಂಬುದರಲ್ಲಿ ನನಗೆ ಸಂಶಯವಿಲ್ಲ.

ಅಕ್ಕಿಕಾಳು ಬಿದ್ದದ್ದು ಒಂದೂಕಾಲಿಗೆ. ಮೂರನೆಯ ದಿನ ನಿರ್ಮಲಾ ಗಂಡನ ಮನೆಯಿಂದ ತರನ್ನುಮಳಿಗೆ ವಿಡಿಯೋ ಕಾಲ್ ಮಾಡಿದಳು. ಈ ಸಲ ಛತ್ತು ಕಾಣಲಿಲ್ಲ; ಒಂದೂ ಗುಳ್ಳೆಯಿಲ್ಲದ ಮುಖ ಕಂಡಿತು. "ಅಕ್ಕಾ, ನೋಡ!" ಎಂದಳಷ್ಟೆ, ಇಬ್ಬರೂ ಅತ್ತರು. ಮುಂದಿನ ತಿಂಗಳು ಸಂಗುವಿನ ಮಗಳ ನಿಶ್ಚಯಕ್ಕೂ ತರನ್ನುಮಳಿಗೇ ಕರೆ ಬಂತು. "ತೊಳಕೊಂಡ ಬಾ ಮತ್ತ" ಎಂದನಂತೆ ಸಂಗು. "ನೀವ ಮುಲಾಮ ಹಚಕೋರಿ ಮತ್ತ" ಎಂದಳಂತೆ ಇವಳು.

ಹಳದಿ ತುದಿಯ ಆ ಬ್ರಷ್ ಈಗ ಸಕ್ರವ್ವನದು. ತರನ್ನುಮಳೇ ಕೊಟ್ಟಳು. ಹಬ್ಬದಲ್ಲಿ ಅದರಿಂದಲೇ ಭಂಡಾರ ಹಚ್ಚಿ ಮುಗಿದೊಡನೆ ಅಜ್ಜಿ ಅದಕ್ಕೆ ಎಣ್ಣೆ ಹಚ್ಚಿ, ತೊಳೆದು, ಆ ನೀರನ್ನು ಬೇವಿನ ಗಿಡಕ್ಕೆ ಹಾಕಿ, ಬುಟ್ಟಿಯ ಅಂಚಿನಲ್ಲಿ ಮಲಗಿಸುತ್ತಾಳೆ. ಅದನ್ನು ನೆಟ್ಟಗೆ ನಿಲ್ಲಿಸಿದ ಸೊಸೆಗೆ ಬೈಗುಳವೂ ಉಂಟು.

ನಾನು ಆ ದಿನ ಮನೆಗೆ ಬಂದು, ಗಡ್ಡ ಹೆರೆಯುವ ನನ್ನ ಬ್ರಷ್ಷನ್ನು ನೋಡಿದೆ. ಹನ್ನೊಂದು ವರ್ಷಗಳಿಂದ ಗ್ಲಾಸಿನಲ್ಲಿ ನಿಂತೇ ಇತ್ತು. ಅಂತರಂಗದ ಶುದ್ಧಿಯನ್ನು ಬೋಧಿಸಲು ಹೊರಡುವ ಮುನ್ನ ದಿನವೂ ಅದನ್ನೇ ಮುಖಕ್ಕೆ ಬಳಿದುಕೊಳ್ಳುತ್ತಿದ್ದೆ. ತೊಳೆದಾಗ ಬಂದ ನೀರಿನ ಬಣ್ಣವನ್ನು ಈ ಪವಿತ್ರ ಸಭೆಯಲ್ಲಿ ವರ್ಣಿಸಲಾರೆ.

ಆದ್ದರಿಂದ ಬಂಧುಗಳೇ, ಕೈಮುಗಿದು ಬೇಡುತ್ತೇನೆ. ಮನಸ್ಸನ್ನು ತೊಳೆಯುವುದು ಮುಂದಿನ ಮಾತು; ಅದಕ್ಕೆ ನನ್ನಂಥವರ ಪ್ರವಚನಗಳು ಇದ್ದೇ ಇವೆ, ನಿಮ್ಮ ನಿದ್ದೆಯೂ ಇದೆ. ಇಂದು ಮನೆಗೆ ಹೋದೊಡನೆ ನಿಮ್ಮ ಬ್ರಷ್ಷು, ಬಾಚಣಿಗೆಗಳನ್ನು ಹೊರಗೆ ತೆಗೆಯಿರಿ. ನಾಲ್ಕು ಹನಿ ಎಣ್ಣೆ, ಸ್ವಲ್ಪ ಶಾಂಪೂ, ಉಗುರುಬೆಚ್ಚನೆಯ ನೀರು. ನೀರು ತಿಳಿಯಾಗುವವರೆಗೆ ತೊಳೆಯಿರಿ. ತೊಳೆದದ್ದನ್ನು ದಯವಿಟ್ಟು ಮಲಗಿಸಿರಿ.