ಭಾವನ ಜೀಪಿನ ಹಿಂದಿನ ಆಕ್ಸಲ್

ಮೊನ್ನೆ ಅಟ್ಟದಿಂದ ಕಾಯಿ ಇಳಿಸಿದ್ದೆವು. ಸುಲಿಯಲು ಬಂದವನು ನಮ್ಮ ಮನೆಯ ಹಾರೆಯನ್ನು ಅಂಗಳದಲ್ಲಿ ನೆಟ್ಟು, ನಾಲ್ಕಾರು ಕಾಯಿ ಸುಲಿದು, ಅದರ ಮೊನೆಯನ್ನು ಹೆಬ್ಬೆರಳಲ್ಲಿ ಸವರಿ ನೋಡಿದ. “ಇದ್ಯಾವ ಕಬ್ಬಿಣ ಕಣಕ್ಕ? ಮೊಂಡೇ ಆಗಾಕಿಲ್ವಲ್ಲ!” ಎಂದ. “ಜೀಪಿನ ಆಕ್ಸಲ್ ಕಣಪ್ಪ, ಸುಮ್ನೆ ಸುಲಿ” ಎಂದು ಒಳಗೆ ಬಂದುಬಿಟ್ಟೆ. ಅವನಿಗೆಂದು ಒಲೆಯ ಮೇಲಿಟ್ಟಿದ್ದ ಟೀ ಉಕ್ಕಿ ಹೋಗಿತ್ತು. ಬಿಸಿಲಿಗೆ ಕಾದಾಗ ಆ ಹಾರೆಯಿಂದ ಇವತ್ತಿಗೂ ಹಳೇ ಆಯಿಲಿನ ವಾಸನೆ ಬರುತ್ತದೆ. ಅಥವಾ ನನಗೊಬ್ಬಳಿಗೇ ಬರುತ್ತದೋ ಏನೋ… ಅದು ಭಾವನ ಅಂಗಿಯ ವಾಸನೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಕಂದಿಕೆರೆ ಕಡೆ ಅವರ ತೋಟ, ತೋಟದೊಳಗೇ ಮನೆ. ತೆಂಗು ಬಿಟ್ಟರೆ ಅವರಿಗಿದ್ದ ಹುಚ್ಚು ಒಂದು ಹಳೇ ಜೀಪು. ಗುಜರಿಗೆ ಬಂದಿದ್ದ ಯಾವುದೋ ದೊಡ್ಡ ಗಾಡಿಯ ಇಂಜಿನ್ ತಂದು ಅದರೊಳಗೆ ಕೂರಿಸಿದ್ದರು. ಹಾರ್ಸ್ ಪವರ್ ಡಬಲ್ ಆಯಿತೆಂದು ಮನೆಗೆ ಬಂದವರಿಗೆಲ್ಲ ಹೇಳುವರು. ಒಣಗಿದ ತೆಂಗಿನ ಬುಡಕ್ಕೆ ಹಗ್ಗ ಬಿಗಿದು, ಜೀಪಿಗೆ ಕಟ್ಟಿ, ಗುರ್ರೆನ್ನಿಸಿ ಬೇರುಸಹಿತ ಕೀಳುವರು. ಇಂಜಿನ್ ದೊಡ್ಡದಾಯಿತು, ಹಿಂದಿನ ಆಕ್ಸಲ್ ಮಾತ್ರ ಹಳೆಯದೇ ಉಳಿಯಿತು. ಹಾಗಾಗಿ ಆಗಾಗ ಟಣ್ ಎಂದು ಕಟ್ಟಾಗುತ್ತಿತ್ತು. ಅದಕ್ಕೆ ಭಾವನಿಗೆ ಒಂಚೂರೂ ಬೇಜಾರಿಲ್ಲ. ಮುರಿದ ತುಂಡನ್ನು ಕುಲುಮೆಗೆ ಒಯ್ದು, ಕಾಯಿ ಸುಲಿಯುವ ಹಾರೆ ಮಾಡಿಸಿ ನೆಂಟರಿಗೆ ಹಂಚುವರು. ನಮ್ಮ ಬಳಗದ ಹೆಣ್ಣುಮಕ್ಕಳ ಮನೆಗೆ ಸೀರೆ ಬಾರದಿದ್ದರೂ ಭಾವನ ಹಾರೆ ಬಂದಿತ್ತು. “ಇನ್ನೊಂದ್ಸಲ ಮುರೀಲಿ ಭಾವ, ನಮ್ಮ ಓರಗಿತ್ತಿಗೂ ಒಂದು ಬೇಕಂತೆ” ಎಂದು ನಾನು ರೇಗಿಸುತ್ತಿದ್ದೆ.

ಆಮೇಲೆ ಅಕ್ಕನ ಕಿಡ್ನಿ ಕೈಕೊಟ್ಟಿತು. ದಿನ ಬಿಟ್ಟು ದಿನ ತಿಪಟೂರಿಗೆ ಕರೆತಂದು ಡಯಾಲಿಸಿಸ್ ಮಾಡಿಸಬೇಕು. ತೋಟಕ್ಕೂ ಟಾರು ರಸ್ತೆಗೂ ನಡುವೆ ಒಂದು ಹಳ್ಳ, ಮಳೆ ಹಿಡಿದರೆ ಮೊಣಕಾಲುದ್ದ ಕೆಸರು. ಆಟೋದವರು, ಬಾಡಿಗೆ ಕಾರಿನವರು ಹಳ್ಳ ನೋಡಿಯೇ ಗಾಡಿ ತಿರುಗಿಸುವರು. ದಾಟುತ್ತಿದ್ದುದು ಭಾವನ ಜೀಪೊಂದೇ, ಅದೂ ಆಕ್ಸಲ್ ನೆಟ್ಟಗಿದ್ದರೆ. ನನ್ನ ಮನೆ ತಿಪಟೂರಲ್ಲೇ ಇದೆ. ಇಲ್ಲೇ ಬಂದಿರು ಎಂದು ಬೇಡಿಕೊಂಡೆ, ಬೈದೆ, ಅತ್ತೆ. “ಕಾಯಿಲೆ ಹೊತ್ಕೊಂಡು ತಂಗಿ ಮನೇಲಿ ಬಿದ್ದಿರಾಕಾಯ್ತದೇನೇ? ನನ್ನ ಹಸೂನ ಯಾರು ಕರೀತಾರೆ?” ಎಂದಳು. ಮೊಂಡಿ. ಹುಟ್ಟಿದಾಗಿನಿಂದ ಮೊಂಡಿ.

ಆ ಮುಂಗಾರಿನಲ್ಲಿ ಹಳ್ಳದ ನಡುವೆಯೇ ಆಕ್ಸಲ್ ಕಟ್ಟಾಯಿತು. ಅಕ್ಕ ಜೀಪಿನೊಳಗೇ ಇದ್ದಳು. ಭಾವ ಅವಳನ್ನು ಬೆನ್ನ ಮೇಲೆ ಹೊತ್ತು ಟಾರು ರಸ್ತೆ ಮುಟ್ಟಿಸಿ, ಬಸ್ಸು ಹತ್ತಿಸಿ, ಹೇಗೋ ಆಸ್ಪತ್ರೆಗೆ ತಂದರು. ಅವಳು ಒಳಗೆ ಮಲಗಿದ್ದಾಗ ಅವರು ಹೊರಗೆ ಬೆಂಚಿನ ಮೇಲೆ ಕೂತು ಕಾಲಿನ ಕೆಸರು ಕೆರೆಯುತ್ತಿದ್ದರು. “ಗಟ್ಟಿ ಆಕ್ಸಲ್ ಬೇಕು ಕಣೇ. ಇನ್ನೊಂದ್ಸಲ ಹಿಂಗಾದ್ರೆ ಇವಳು ಉಳಿಯಾಕಿಲ್ಲ” ಎಂದರು. ಮುರಿದ ತುಂಡನ್ನು ಈ ಸಲ ಅವರು ಕುಲುಮೆಗೆ ಒಯ್ಯಲಿಲ್ಲ.

ಇಬ್ಬರೂ ಗ್ಯಾರೇಜಿನ ಸಾಬರ ಹತ್ತಿರ ಹೋದೆವು. ಸಾಬರು ಎಲ್ಲ ಕೇಳಿಸಿಕೊಂಡು ಹಣೆ ಚಚ್ಚಿಕೊಂಡರು. “ಗೌಡ್ರೇ, ನಿಮ್ಮ ಗಾಡೀಲಿ ಭಾರ ಹೊರೋದೂ ಆಕ್ಸಲ್ಲೇ, ಚಕ್ರ ತಿರುಗ್ಸೋದೂ ಆಕ್ಸಲ್ಲೇ. ಈ ಇಂಜಿನ್ನಿಗೆ ಎಲ್ಲಿ ತಡೀತದೆ? ಭಾರಾನ ಹೊರಗಿನ ಕೊಳವೆ, ಅದೇ ಹೌಸಿಂಗು, ಹೊರಬೇಕು, ಆಕ್ಸಲ್ ಬರೀ ತಿರುಗ್ಬೇಕು. ಗೂಡ್ಸ್ ಟೆಂಪೋದು ಹಿಂದಿನ ಪೂರಾ ಸೆಟ್ಟೇ ಹಾಕುವಾ. ಒಂದು ವಾರ ಗಾಡಿ ಬಿಡಿ” ಎಂದರು.

ಒಂದು ವಾರ! ದಿನ ಬಿಟ್ಟು ದಿನ ಹಳ್ಳ ದಾಟಬೇಕಾದವಳನ್ನು ಒಂದು ವಾರ ಏನು ಮಾಡುವುದು? ಅಲ್ಲಿಂದಲೇ ಆಸ್ಪತ್ರೆಗೆ ಓಡಿ ಬಂದು ಅಕ್ಕನ ಕಾಲು ಹಿಡಿದೆ, ವಾರವಾದರೂ ಇರು ಎಂದೆ. ಮುಖ ತಿರುಗಿಸಿಕೊಂಡಳು. ಅವಳಿಗೆ ಜೋರು ಮಾಡುವ ಎದೆ ಭಾವನಿಗೂ ಇರಲಿಲ್ಲ.

ಕಾಯಿ ಆರಿಸುವುದರಲ್ಲಿ ಭಾವನ ಕಿವಿಗೆ ಸುತ್ತಮುತ್ತ ಹೆಸರಿತ್ತು. ಅಟ್ಟದ ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಕೊಬ್ಬರಿಯಾಗಿದೆಯೋ ಕೊಳೆತಿದೆಯೋ ಹೇಳುವರು, ತಪ್ಪುತ್ತಲೇ ಇರಲಿಲ್ಲ. ಅವತ್ತು ಸಾಬರ ಗ್ಯಾರೇಜಿನ ಗುಜರಿಯ ರಾಶಿಯ ಮುಂದೆ ಕೂತು ಅದೇ ಕಿವಿಯಿಂದ ಆಕ್ಸಲ್ ಆರಿಸಿದರು. ಒಂದೊಂದನ್ನೇ ಹಗ್ಗಕ್ಕೆ ತೂಗುಬಿಟ್ಟು ಸ್ಪ್ಯಾನರಿನಿಂದ ಬಡಿಯುವರು, ಕಣ್ಣು ಮುಚ್ಚಿ ಕೇಳುವರು. ಬಿರುಕು ಬಿಟ್ಟಿದ್ದು ಬೊದ್ದೆನ್ನುತ್ತಿತ್ತು. ಕೊನೆಗೊಂದು ದೇವಸ್ಥಾನದ ಗಂಟೆಯ ಹಾಗೆ ಮೊಳಗಿತು. “ಇದು ಮುರಿಯಾಕಿಲ್ಲ ಕಣೇ!” ಎಂದು ಅದನ್ನು ಎದೆಗೆ ಅವುಚಿಕೊಂಡರು. ಸಾಬರು ತಲೆಯಾಡಿಸಿದರು. “ಆಕ್ಸಲ್ ಗಟ್ಟಿ ಐತೆ, ಒಪ್ತೀನಿ. ಅದು ಮುರೀಲಿಲ್ಲ ಅಂದ್ರೆ ಅದನ್ನ ತಿರುಗ್ಸೋ ಕ್ರೌನ್ ಗೇರಿನ ಹಲ್ಲು ಉದುರ್ತವೆ ಗೌಡ್ರೇ.” ಭಾವನ ಕಿವಿಗೆ ಆ ಮಾತು ಬೀಳಲೇ ಇಲ್ಲ. ಜೀಪನ್ನು ಹಳ್ಳದಿಂದ ಎಳೆಸಿ ತಂದು, ಸಂಜೆಯೊಳಗೆ ಅದನ್ನೇ ಹಾಕಿಸಿ, ಅಕ್ಕನನ್ನು ಕೂರಿಸಿಕೊಂಡು ಹೊರಟೇಬಿಟ್ಟರು.

ಆ ಆಕ್ಸಲ್ ಮುರಿಯಲಿಲ್ಲ. ಕೆಲವೇ ದಿನದಲ್ಲಿ, ಅದೇ ಹಳ್ಳದಲ್ಲಿ, ಕ್ರೌನಿನ ಹಲ್ಲು ಪುಡಿಯಾಗಿ ಜೀಪು ಕೂತುಬಿಟ್ಟಿತು. ನೀರು ಏರುತ್ತಿತ್ತು, ಭಾವ ಅಕ್ಕನನ್ನು ಹೊತ್ತು ಮನೆಗೇ ವಾಪಸು ತಂದರು. ಅಷ್ಟರಲ್ಲಿ ಮೇಲಿನ ಕೆರೆ ಕೋಡಿ ಬಿದ್ದು, ಮನುಷ್ಯರು ಕೂಡ ಹಳ್ಳಕ್ಕಿಳಿಯುವಂತಿರಲಿಲ್ಲ. ಡಯಾಲಿಸಿಸ್ ತಪ್ಪಿತು. ನೀರಿಳಿದ ಮೇಲೆ ಟ್ರ್ಯಾಕ್ಟರಿನಲ್ಲಿ ತಂದಾಗ ಅಕ್ಕನ ಮುಖ ಊದಿಕೊಂಡು ಗುರುತೇ ಸಿಗಲಿಲ್ಲ, ಮಲಗಿದರೆ ಉಸಿರು ಕಟ್ಟುತ್ತಿತ್ತು. ಆಸ್ಪತ್ರೆಗೆ ಸೇರಿಸಿದರು. “ಕಿವಿ ನಂಬಿ ಕೆಟ್ಟೆ ಕಣೇ” ಎಂದು ಭಾವ ಗೋಡೆಗೆ ತಲೆ ಚಚ್ಚಿಕೊಂಡರು. ನಾನು ಸಮಾಧಾನ ಮಾಡಲಿಲ್ಲ. ನನಗೇ ಎಲ್ಲಿತ್ತು ಸಮಾಧಾನ?

ಜೀಪನ್ನು ಎಳೆದು ತಂದು ಸಾಬರಿಗೆ ಒಪ್ಪಿಸಿದರು, ಪೂರಾ ಸೆಟ್ ಹಾಕಿ ಎಂದರು. ಆಮೇಲೆ ಭಾವನಿಗೆ ಗ್ಯಾರೇಜು, ಆಸ್ಪತ್ರೆ, ಗ್ಯಾರೇಜು, ಇಷ್ಟೇ. ಊಟವಿಲ್ಲ, ಸ್ನಾನವಿಲ್ಲ. ಅಕ್ಕ ಕಣ್ಣು ಬಿಟ್ಟಾಗಲೆಲ್ಲ, “ಗಾಡಿ ಆಯ್ತಾ? ಮನೆಗೆ ಹೋಗಾನ” ಎನ್ನುವಳು. “ಆಯ್ತು ಕಣೇ, ನಾಳೆ” ಎನ್ನುವರು ಭಾವ. ಆ ನಾಳೆ…

ಜೀಪು ತಯಾರಾದ ದಿನ ಅವರು ಅದನ್ನು ಆಸ್ಪತ್ರೆಯ ಬಾಗಿಲಿಗೇ ತಂದು ನಿಲ್ಲಿಸಿ, ಹಾರ್ನ್ ಹೊಡೆದು, ಮೆಟ್ಟಿಲು ಹತ್ತಿ ಓಡಿ ಬಂದರು. ಅದಕ್ಕೆ ಸ್ವಲ್ಪ ಮುಂಚೆ ನನ್ನ ಕೈಯೊಳಗಿದ್ದ ಅಕ್ಕನ ಕೈ ತಣ್ಣಗಾಗಿತ್ತು.

ಅವಳನ್ನು ಅದೇ ಜೀಪಿನಲ್ಲಿ ಕರೆದೊಯ್ದೆವು, ಬೇರೆ ಗಾಡಿ ಹಳ್ಳ ದಾಟುವುದಿಲ್ಲವಲ್ಲ. ತಲೆ ನನ್ನ ತೊಡೆಯ ಮೇಲಿತ್ತು. ಹಳ್ಳಕ್ಕಿಳಿದಾಗ ನಾನು ಅಭ್ಯಾಸದಿಂದ ಉಸಿರು ಬಿಗಿಹಿಡಿದೆ. ಇಂಜಿನ್ ಒಮ್ಮೆ ಗುಡುಗಿತು, ಕೆಸರು ಸಿಡಿಯಿತು, ಜೀಪು ಟಾರು ರಸ್ತೆಯ ಮೇಲೆ ಹೋದಷ್ಟು ಸಲೀಸಾಗಿ ಆಚೆ ದಡ ಹತ್ತಿತು. ಅಲ್ಲಿ ಭಾವ ಗಾಡಿ ನಿಲ್ಲಿಸಿದರು. ಸ್ಟೀರಿಂಗಿಗೆ ಹಣೆಯಿಟ್ಟು, “ಇವತ್ತೊಂದಿನ ಮುರೀಬಾರದಿತ್ತಾ… ಮನೆ ಮುಟ್ಟದಂಗೆ ಇಲ್ಲೇ ಮುರುದ್ಬುಡಬಾರದಿತ್ತಾ…” ಎಂದು ಮಗುವಿನಂತೆ ಅತ್ತರು. ತೋಟದಲ್ಲಿ ಗುಂಡಿ ತೆಗೆದು ಜನ ಕಾಯುತ್ತಿದ್ದರು.

ಈಗ ಭಾವನೂ ಇಲ್ಲ. ಜೀಪು ಯಾರದೋ ಪಾಲಾಯಿತು, ಇನ್ನೂ ಓಡುತ್ತಿದೆಯಂತೆ. ನಾನು ಆ ಕಡೆ ಹೋಗುವುದನ್ನೇ ಬಿಟ್ಟಿದ್ದೇನೆ.

ಮತ್ತೆ ಟೀ ಮಾಡಿ ಹೊರಗೆ ತಂದಾಗ ಸುಲಿಯುವವನು ಸಿಪ್ಪೆಯ ರಾಶಿಯ ಮೇಲೆ ಕೂತು ಹಾರೆಯನ್ನೇ ನೋಡುತ್ತಿದ್ದ. “ಇಂಥದ್ದು ಇನ್ನೊಂದಿದ್ರೆ ನಂಗೂ ಕೊಡಿಸಕ್ಕ” ಎಂದ. “ಇಲ್ಲ ಕಣಪ್ಪ,” ಎಂದೆ, “ಆಮೇಲೆ ಅವರ ಆಕ್ಸಲ್ ಮುರೀಲೇ ಇಲ್ಲ.”