ಗಾಜು ಬೇಡವೆಂದ ಟೇಪಕ್ಕ

ಟೇಪಕ್ಕ ಬೇಡ ಎಂದಿದ್ದಕ್ಕೆ ನನಗೆ ಅಷ್ಟು ಬೇಸರವಾಗಲಿಲ್ಲ. ಬೇಡ ಎನ್ನುವುದಕ್ಕೆ ದಿನಕ್ಕೊಂದು ಕಾರಣ ಕೊಡತೊಡಗಿದರಲ್ಲ, ಆಗ ನನ್ನ ತಲೆಯೊಳಗೆ ಹುಳ ಹೊಕ್ಕಿತು.

ಅವರು ಪಕ್ಕದ ಮನೆಯವರು, ಹೆಂಗಸರ ಬಟ್ಟೆ ಹೊಲಿಯುತ್ತಾರೆ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುವುದರಿಂದ ಬೀದಿಗೆಲ್ಲ ಟೇಪಕ್ಕ. ವಯಸ್ಸು ಐವತ್ತು ದಾಟಿದೆ, ಮನೆಯಲ್ಲಿ ಒಬ್ಬರೇ. ಯಾರನ್ನೂ ಸುಲಭಕ್ಕೆ ನಂಬುವ ಜೀವವಲ್ಲ. ಅಳತೆಗೆಂದು ಹಳೆಯ ಅಂಗಿ ಒಯ್ದರೆ ಅದನ್ನು ಪಕ್ಕಕ್ಕೆಸೆದು, "ಅದು ಹೋದ ವರ್ಷದ ನೀನು. ಈ ವರ್ಷದವಳು ಬಂದು ಇಲ್ಲಿ ನಿಂತ್ಕೋ" ಎನ್ನುತ್ತಾರೆ. ಹೆರಿಗೆಯಾದ ಮೇಲೆ ಮೊದಲ ಸಲ ಹೋದಾಗ ನನ್ನ ಸೊಂಟಕ್ಕೆ ಟೇಪು ಸುತ್ತಿ, "ಉಸಿರು ಬಿಡೇ ಕಳ್ಳಿ! ಹೊಟ್ಟೆ ಒಳಗೆಳ್ಕೊಂಡು ನಂಗೇ ಟೋಪಿ ಹಾಕ್ತೀಯಾ?" ಎಂದು ಗದರಿದ್ದರು.

ನಮ್ಮದು ಎರಡು ಕೋಣೆಯ ಮನೆ. ನಮ್ಮ ಮನೆಯವರಿಗೆ ರಾತ್ರಿ ಪಾಳಿ, ಹಗಲು ನಿದ್ದೆ. ಆಗಷ್ಟೇ ನಡೆಯಲು ಕಲಿತ ಮಗಳಿಗೆ ತಟ್ಟೆ, ಲೋಟ ಬಡಿಯದೆ ಒಂದು ಗಳಿಗೆ ಇರಲಾಗದು. ಹಾಗಾಗಿ ಬೆಳಗಾದರೆ ತಾಯಿ ಮಗಳಿಬ್ಬರೂ ಹಿಂದಿನ ವರಾಂಡಕ್ಕೆ ಗಡೀಪಾರು. ಅಲ್ಲಿ ತಲೆಯ ಮೇಲೆ ಸೂರಿದೆ, ಸುತ್ತ ಏನೂ ಇಲ್ಲ. ಹೊರಗಿದ್ದರೆ ಅವಳಿಗೆ ಗಾಳಿಗೆ ಕೆಮ್ಮು, ಒಳಗಿದ್ದರೆ ಇವರಿಗೆ ನಿದ್ದೆಗೇಡು. ಮಳೆ ಹಿಡಿಯುವುದರೊಳಗೆ ವರಾಂಡಕ್ಕೆ ಗಾಜು ಹಾಕಿಸಲೇಬೇಕೆಂದು ಹಟ ಹಿಡಿದೆ. ಬಿಸಿಲು ಒಳಗೆ ಬರಬೇಕು, ಗಾಳಿ ಹೊರಗೆ ನಿಲ್ಲಬೇಕು, ಕದ ಮುಚ್ಚಿದರೆ ಮಗಳ ಗಲಾಟೆ ಅಲ್ಲಿಯೇ ಉಳಿಯಬೇಕು.

ಅಲ್ಯೂಮಿನಿಯಂ ಕೆಲಸದವರು ಬಂದು ಎರಡು ಬದಿಗೆ ಚೌಕಟ್ಟು ನಿಲ್ಲಿಸಿದರು. ಮೂರನೆಯ ಬದಿಗೆ ಟೇಪಕ್ಕನ ಹಿತ್ತಿಲಿಗೂ ನಮಗೂ ನಡುವಿನ ಮೋಟುಗೋಡೆ. ಅಲ್ಲಿಗೆ ಬಂದು ಡ್ರಿಲ್ ಕೆಳಗಿಟ್ಟುಬಿಟ್ಟರು. "ಗೋಡೆ ಇಬ್ಬರದೂ ಮೇಡಂ. ಅವರು ಹೂಂ ಅನ್ನದೆ ನಾನು ತೂತು ಹೊಡೆಯಲ್ಲ. ಆಮೇಲೆ ಬೈಸ್ಕೊಳ್ಳೋನು ನಾನು."

ಟೇಪಕ್ಕ ಹೂಂ ಎನ್ನಲಿಲ್ಲ. ಮೊದಲ ದಿನ, ಗಾಜಿಗೆ ಬಿಸಿಲು ಬಡಿದು ಕಣ್ಣು ಕುಕ್ಕುತ್ತದೆ ಎಂದರು. ಬಣ್ಣದ ಗಾಜು ಹಾಕಿಸುತ್ತೇನೆ ಎಂದೆ. ಮರುದಿನ, ನಿಮ್ಮ ಸೂರಿನ ನೀರೆಲ್ಲ ನನ್ನ ಹಿತ್ತಿಲಿಗೆ ಎಂದರು. ಪೈಪು ಹಾಕಿಸುತ್ತೇನೆ ಎಂದೆ. ಅದರ ಮರುದಿನ ಹಕ್ಕಿಗಳ ಮೇಲೆ ಕರುಣೆ ಉಕ್ಕಿ ಬಂತು.

"ಪಾಪ, ಗಾಜು ಕಾಣದೆ ಡಿಕ್ಕಿ ಹೊಡ್ದು ಸಾಯ್ತವೆ ಕಣೇ."

"ಅಕ್ಕ, ಮೊನ್ನೆ ತಾನೇ ಪಾರಿವಾಳಕ್ಕೆ ಚಪ್ಪಲಿ ಎಸೆದ್ರಲ್ಲ?"

"ಎಸೆದೆ. ಸಾಯಿಸಿದ್ನಾ?"

ಇವರು ದಿಂಬಿನಿಂದ ತಲೆ ಎತ್ತದೆಯೇ ತೀರ್ಪು ಕೊಟ್ಟರು. "ಆ ಅಕ್ಕ ಏನೋ ಮುಚ್ಚಿಡ್ತಿದಾರೆ ಕಣೇ."

ಆಮೇಲೆ ನಾನು ಗಮನಿಸತೊಡಗಿದೆ. ಟೇಪಕ್ಕನ ಮನೆಗೆ ಎರಡು ಥರದ ಹೆಂಗಸರು ಬರುತ್ತಿದ್ದರು. ಒಂದು ಥರದವರು ಮುಂಬಾಗಿಲಿಗೆ ಬಟ್ಟೆಯ ಗಂಟು ಹಿಡಿದು, ಬೀದಿಗೆಲ್ಲ ಕೇಳುವ ಹಾಗೆ ಮಾತಾಡುತ್ತ ಬರುವವರು. ಇನ್ನೊಂದು ಥರದವರು ಹಿಂದಿನ ಓಣಿಯಿಂದ, ಅತ್ತಿತ್ತ ನೋಡಿ, ತಲೆ ತಗ್ಗಿಸಿ ಒಳಗೆ ಸರಿಯುವವರು. ಅವರು ಬಂದೊಡನೆ ಕಿಟಕಿ ಮುಚ್ಚುತ್ತದೆ, ನಡು ಹಗಲಲ್ಲಿ ಒಳಗೆ ದೀಪ ಹತ್ತುತ್ತದೆ. ಹೋಗುವಾಗ ಚೀಲದ ಅಡಿಯಲ್ಲಿ ಏನೋ ಪುಟ್ಟ ಪೊಟ್ಟಣ. ಹೊಲಿಸಲು ಬಂದವರ ಕೈಯಲ್ಲಿ ಬಟ್ಟೆಯೇ ಇರುವುದಿಲ್ಲ! ಟೇಪಕ್ಕನಿಗೆ ಕಣ್ಣು ಕುಕ್ಕುವುದು ಬಿಸಿಲಲ್ಲ, ನಾನು ಎಂದುಕೊಂಡೆ.

ಒಂದು ಬೆಳಿಗ್ಗೆ ಮತ್ತೆ ಬೇಡಿಕೊಳ್ಳಲು ಹೋದೆ. ಬಾಯಿ ತುಂಬ ಗುಂಡುಪಿನ್ನು ಕಚ್ಚಿಕೊಂಡಿದ್ದ ಅವರು ಬರೀ ತಲೆಯಾಡಿಸಿದರು. ಮಗಳು ಮೆಷಿನ್ನಿನ ಕೆಳಗೆ ನುಸುಳಿ ಆಡುತ್ತಿದ್ದಳು. ಮನೆಗೆ ಬಂದು ನೋಡಿದರೆ ಅವಳು ಎದೆಗವುಚಿಕೊಂಡಿದ್ದ ಮುಷ್ಟಿಯಲ್ಲಿ ಒಂದು ಬಟ್ಟೆಯ ಚೀಲ. ಅಂಗೈಯಷ್ಟಿದೆ. ಒಂದು ಬದಿ ಚಪ್ಪಟೆ, ಇನ್ನೊಂದು ಬದಿ ಉಬ್ಬು. ಮೈಬಣ್ಣದ ಮೆತ್ತನೆಯ ಬಟ್ಟೆ, ಸುತ್ತ ಕಂಡೂ ಕಾಣದ ಹೊಲಿಗೆ. ಅದುಮಿದರೆ ಒಳಗೆ ಕಾಳು ಕಾಳಾಗಿ ಏನೋ ಸರಿದಾಡುತ್ತದೆ.

ಇವರ ನಿದ್ದೆ ಹಾರಿಹೋಯಿತು. ಮೂಸಿ ನೋಡಿದರು, ಅಲ್ಲಾಡಿಸಿದರು. "ಏನೋ ಮಾರ್ತಾರೆ. ಕತ್ತರಿ ತಾ, ಬಿಚ್ಚೋಣ."

"ಬೇಡ ರೀ. ಬಿಚ್ಚಿದ್ರೆ ಇಂಥ ಹೊಲಿಗೆ ಮತ್ತೆ ಹಾಕೋಕೆ ನನ್ನ ಕೈಲಾಗಲ್ಲ. ನಾನೇ ಹೋಗಿ ಕೇಳ್ತೀನಿ."

ಹೊಲಿಗೆಯ ಮಾತು ನಿಜ. ಇದು ಕೈಲಿದ್ದರೆ ಗೋಡೆಗೆ ಹೂಂ ಅನ್ನಿಸಿಕೊಳ್ಳಬಹುದು ಎಂಬ ಲೆಕ್ಕಾಚಾರವೂ ಅಷ್ಟೇ ನಿಜ. ಮಗಳನ್ನು ಸೊಂಟಕ್ಕೇರಿಸಿಕೊಂಡು, ಬೇಕೆಂದೇ ಹಿಂಬಾಗಿಲಿನಿಂದ ಹೋದೆ.

ನನ್ನ ಕೈಯಲ್ಲಿದ್ದುದನ್ನು ಕಂಡು ಟೇಪಕ್ಕನ ಮುಖ ಬಿಳಿಚಿತು. "ಎಲ್ಲಿತ್ತು ಅದು?"

"ಇವಳು ಎತ್ಕೊಂಡು ಬಂದಿದಾಳೆ. ಏನಕ್ಕ ಇದು?"

"ಸೂಜಿ ಚುಚ್ಚಿಡೋ ದಿಂಬು. ಕೊಡಿಲ್ಲಿ."

"ಒಂದು ತೂತೂ ಇಲ್ವಲ್ಲ?"

"ಹೊಸದು."

"ಒಳಗೇನೋ ಕಾಳಿದೆ."

"ಸಾಸಿವೆ. ಸೂಜಿಗೆ ತುಕ್ಕು ಹಿಡಿಯಲ್ಲ."

"ಹಾಗಾದ್ರೆ ಓಣಿಯಿಂದ ಬರೋರೆಲ್ಲ ಸೂಜಿ ದಿಂಬು ಒಯ್ಯೋಕೆ ಬರ್ತಾರಾ?"

ಅಷ್ಟರಲ್ಲಿ ಒಳಕೋಣೆಯ ಪರದೆ ಸರಿಯಿತು. ಶಾಲು ಹೊದ್ದು ಬಂದವರನ್ನು ಕಂಡು ನಾನು ತಬ್ಬಿಬ್ಬಾದೆ. ಅವರು ಔಷಧಿ ಅಂಗಡಿಯಕ್ಕ. ಮಗಳ ಕೆಮ್ಮಿಗೆ ಸಿರಪ್ ಕೊಡುವವರು ಅವರೇ.

"ಕೊಡಮ್ಮ, ಅದು ನಂದು" ಎಂದು ಕೈ ಚಾಚಿದರು.

ಟೇಪಕ್ಕ ಸಿಡುಕಿದರು. "ನೀನ್ಯಾಕೆ ಹೊರಗೆ ಬಂದೆ? ನಾನು ಹೇಳ್ತಿದ್ನಲ್ಲ?"

"ನೀವು ಹೇಳೋ ಸುಳ್ಳು ಕೇಳಿ ಒಳಗೆ ನಗು ತಡ್ಕೊಳ್ಳೋಕಾಗ್ತಿಲ್ಲ ಅಕ್ಕ. ಸೂಜಿ ದಿಂಬಂತೆ!" ಔಷಧಿಯಕ್ಕ ನನ್ನ ಕಡೆ ತಿರುಗಿ ಶಾಲನ್ನು ಎದೆಯ ಎಡಗಡೆಗೆ ತುಸು ಒತ್ತಿ ಹಿಡಿದರು. ಅಲ್ಲಿ ಚಪ್ಪಟೆಯಾಗಿತ್ತು. "ಆಪರೇಷನ್ ಆಗಿ ಒಂದು ವರ್ಷವಾಯ್ತು. ವಾರಕ್ಕೊಂದ್ಸಲ ನನ್ನೆದುರು ನಿಂತು ಔಷಧಿ ತಗೊಂಡು ಹೋಗ್ತೀಯಲ್ಲ, ಯಾವತ್ತಾದ್ರೂ ಗೊತ್ತಾಯ್ತಾ?"

ಇಲ್ಲ ಎಂದೆ.

"ಅದು ಈ ಅಕ್ಕನ ಕೈಕೆಲಸ."

ಟೇಪಕ್ಕ ಅರೆಮನಸ್ಸಿನಿಂದ ಉಳಿದದ್ದು ಹೇಳಿದರು. ಮೊದಲು ಅವರು ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರು ಹೊಲಿಯುತ್ತಿದ್ದರಂತೆ. ಪಕ್ಕದ ಮೆಷಿನ್ನಿನವಳು ಇಂಥದೇ ಆಪರೇಷನ್ ಮಾಡಿಸಿಕೊಂಡು, ಆ ಜಾಗಕ್ಕೆ ಹತ್ತಿ ತುರುಕಿಕೊಂಡು ಕೆಲಸಕ್ಕೆ ಮರಳಿದಳು. ಕೈ ಆಡಿಸಿದಂತೆಲ್ಲ ಹತ್ತಿ ಮೇಲೇರಿ ಭುಜದ ಹತ್ತಿರ ಬಂತು. ಸಾಲಿನಲ್ಲಿ ಯಾರೋ ನಕ್ಕರು. ಅವಳು ಮತ್ತೆ ಕೆಲಸಕ್ಕೆ ಬರಲಿಲ್ಲ. "ಹತ್ತಿಗೆ ಭಾರ ಇಲ್ಲ, ನಿಲ್ಲಲ್ಲ. ಸಾಸಿವೆ ತುಂಬಿ, ಅಡುಗೆಮನೆ ತಕ್ಕಡೀಲಿ ತೂಗಿ, ಅವಳ ಮನೆಗೇ ಹೋಗಿ ಕೊಟ್ಟೆ. ಅವಳು ಇನ್ನೊಬ್ಬಳಿಗೆ ಹೇಳಿದ್ಲು, ಅವಳು ಮತ್ತೊಬ್ಬಳಿಗೆ. ಬರೋರಿಗೆಲ್ಲ ಮಾತು ಕೊಟ್ಟಿದೀನಿ, ಇಲ್ಲಿ ಯಾರ ಕಣ್ಣಿಗೂ ಬೀಳಲ್ಲ ಅಂತ. ಈಗೇನೋ ನೀನು ನೆಲದ ಮೇಲೆ ಕೂತಿರ್ತೀಯ, ಗಾಳಿ ಬಂದ್ರೆ ಎದ್ದೋಡ್ತೀಯ. ಗಾಜಾದ ಮೇಲೆ ಕುರ್ಚಿ ಬರುತ್ತೆ. ನಿಮ್ಮತ್ತೆ ಬರ್ತಾರೆ, ಗೆಳತಿಯರು ಬರ್ತಾರೆ. ಎಲ್ಲರ ಕಣ್ಣೂ ನನ್ನ ಹಿಂಬಾಗಿಲ ಮೇಲೆ."

"ಇದನ್ನ ಮೊದಲೇ ಹೇಳಬಾರದಿತ್ತಾ ಅಕ್ಕ?"

"ಹೇಗೆ ಹೇಳ್ಲಿ? ಗುಟ್ಟು ನಂದಾಗಿದ್ರೆ ಹೇಳ್ತಿದ್ದೆ."

ಆಚೆ ಕಾಣದ ಮಂಜುಗಾಜು ಹಾಕಿಸುತ್ತೇನೆ ಎಂದೆ. ಟೇಪಕ್ಕ ನಂಬಲಿಲ್ಲ. ಕೆಲಸದವರಿಂದ ಒಂದು ತುಂಡು ತರಿಸಿ, ಅದನ್ನು ನನ್ನ ಮುಖಕ್ಕೆ ಹಿಡಿಸಿ, ತಾವು ಓಣಿಯಿಂದ ಹಿಂಬಾಗಿಲವರೆಗೆ ನಡೆದು ಬಂದರು. "ಏನು ಕಾಣ್ತು?" "ಏನೂ ಇಲ್ಲ" ಎಂದೆ. "ಸುಳ್ಳಿ" ಎಂದು ನನ್ನನ್ನು ಓಣಿಯಲ್ಲಿ ನಡೆಸಿ, ತಾವೇ ಗಾಜು ಹಿಡಿದು ನೋಡಿದರು. "ನಿನ್ನ ಹಸಿರು ಅಂಗಿ ಕಾಣ್ತು. ಆ ಬಾತುಕೋಳಿ ನಡಿಗೇನೂ ಕಾಣ್ತು. ಗುರುತು ಹಿಡಿಯೋಕೆ ಇನ್ನೇನು ಬೇಕು?"

ಗಾಜಿನ ಬದಲು ಗೋಡೆಯೆಬ್ಬಿಸಿದರೆ ನಮಗೆ ಬೆಳಗಿನ ಬಿಸಿಲಿಲ್ಲ. ಬಿಸಿಲಿಲ್ಲದ ಮೇಲೆ ಆ ಕೋಣೆ ಯಾಕೆ? ಮಗಳು ಅಂಗಳದ ಮಣ್ಣು ತಿನ್ನುತ್ತಿದ್ದಳು. ಬಾಯೊರೆಸಲು ಬಗ್ಗಿದಾಗ ನನಗೆ ಹೊಳೆಯಿತು.

"ಅವರೆಲ್ಲ ಓಣಿಯಿಂದ ಯಾಕೆ ಬರಬೇಕಕ್ಕ? ನಮ್ಮ ಮುಂಬಾಗಿಲಿಗೇ ಬರಲಿ. ಮಗು ಇರೋ ಮನೆಗೆ ಯಾಕೆ ಬಂದ್ರಿ ಅಂತ ಯಾರೂ ಕೇಳಲ್ಲ. ಇವರು ಹಗಲೆಲ್ಲ ನಿದ್ದೇಲಿರ್ತಾರೆ. ಗಾಜಿನ ಕೋಣೆಯಿಂದ ನಿಮ್ಮ ಹಿತ್ತಿಲಿಗೊಂದು ಬಾಗಿಲಿಡಿಸೋಣ. ನೆಂಟರು ಬರೋ ದಿನ ನಿಮಗೆ ಮೊದಲೇ ಹೇಳ್ತೀನಿ."

ಟೇಪಕ್ಕ ಕಣ್ಣು ಕಿರಿದು ಮಾಡಿ ನನ್ನನ್ನೇ ದಿಟ್ಟಿಸಿದರು. ಔಷಧಿಯಕ್ಕ ನಡುವೆ ಬಂದರು. "ಮಾಡಿ ಅಕ್ಕ. ಓಣೀಲಿ ಕಳ್ಳಿ ಥರ ತಲೆ ಬಗ್ಗಿಸ್ಕೊಂಡು ಬಂದು ಬಂದು ನಂಗೂ ಸಾಕಾಗಿದೆ."

"ಚಿಲಕ ನನ್ನ ಕಡೆಗಿರಬೇಕು" ಎಂದರು ಟೇಪಕ್ಕ.

"ಇರಲಿ."

"ನಿನ್ನ ಗಂಡನಿಗೆ?"

"ನಾನು ಹೇಳಲ್ಲ."

"ನೋಡೋಣ" ಎಂದರು. ಆ ಸಂಜೆ ಕೆಲಸದವರನ್ನು ಕರೆದು ಹೂಂ ಎಂದದ್ದು ಮಾತ್ರ ಬೀದಿಗೇ ಕೇಳಿಸಿತು.

ಇವರು ಹಾಸಿಗೆಯ ಮೇಲೆ ಎದ್ದು ಕೂತರು. "ಬಾಗಿಲಾ? ನಿನ್ನೆವರೆಗೂ ಗಾಜೇ ಬೇಡ ಅಂದೋರಿಗೆ ಈಗ ಬಾಗಿಲು ಬೇಕಾ? ಅದಿರಲಿ, ಆ ಚೀಲದಲ್ಲಿ ಏನಿತ್ತು?"

"ಸಾಸಿವೆ."

"ಸಾಸಿವೆ?"

"ಹೂಂ ರೀ, ಸಾಸಿವೆ."

ಇವರು ದಿಂಬು ಕಿವಿಗೊತ್ತಿಕೊಂಡು ಮಗ್ಗುಲಾದರು.

ಮಳೆಗೆ ಮುಂಚೆಯೇ ಕೋಣೆ ಮುಗಿಯಿತು. ಒಂದು ಬೆಳಿಗ್ಗೆ ಗುರುತಿಲ್ಲದ ಹೆಂಗಸೊಬ್ಬರು ಮುಂಬಾಗಿಲಲ್ಲಿ ನಿಂತು, ಚೀಲದ ಹಿಡಿಯನ್ನು ತಿರುಚುತ್ತ, "ಮಗು... ನೋಡೋಕೆ ಬಂದೆ" ಎಂದರು. ಗಾಜಿನ ಕೋಣೆಗೆ ಕರೆದೊಯ್ದೆ. ಬಿಸಿಲಿನ ಚೌಕದಲ್ಲಿ ಮಗಳು ತಟ್ಟೆ ಬಡಿಯುತ್ತಿದ್ದಳು. ಅವರು ನೆಲಕ್ಕೆ ಕುಳಿತು ನಿಜವಾಗಿಯೂ ಮಗುವನ್ನು ನೋಡಿದರು. ಅವಳು ಕೊಟ್ಟ ಚಮಚ ಹಿಡಿದು ಅವರೂ ಒಂದೆರಡು ಸಲ ಬಡಿದರು. ಆಮೇಲೆ ನಾನು ಬಾಗಿಲು ತಟ್ಟಿದೆ.

"ಯಾರು?"

"ನಾನೇ ಅಕ್ಕ."

"ಜೊತೆಗೆ?"

"ಮಗು ನೋಡೋಕೆ ಬಂದೋರು."

ಚಿಲಕ ಅರ್ಧ ಸರಿದು ನಿಂತಿತು. ಸಂದಿಯಲ್ಲಿ ಒಂದು ಕಣ್ಣು ಕಂಡಿತು. ಅದು ನನ್ನನ್ನು ನೋಡಿತು, ನನ್ನ ಬೆನ್ನ ಹಿಂದೆ ನೋಡಿತು, ಮಗಳನ್ನೂ ಬಿಡದೆ ನೋಡಿತು. ಆಮೇಲೆ ಬಾಗಿಲು ಒಬ್ಬರು ಹಿಡಿಸುವಷ್ಟು ತೆರೆಯಿತು; ಆ ಹೆಂಗಸು ಆಚೆ ದಾಟಿದರು.

"ನೀನ್ಯಾಕೆ ಇನ್ನೂ ನಿಂತಿದೀಯ?" ಎಂದರು ಟೇಪಕ್ಕ. "ಹೋಗು, ನಿನ್ನ ಮಗು ಕರೀತಿದೆ."

ಮಗಳು ಕರೆದಿರಲಿಲ್ಲ. ನಾನು ಹೋದೆ.