ಕೊಡಲಿ ಇಲ್ಲದ ಚಿತ್ರ

ನಾನು ತಗಡಿನಲ್ಲಿ ಕೊರೆದು ಅಚ್ಚು ತೆಗೆದ ಆ ಎಚ್ಚಿಂಗ್ ನೋಡಿದವರೆಲ್ಲ ಬೆಳಕನ್ನೇ ಹೊಗಳುತ್ತಿದ್ದರು. ಕತ್ತಲ ಅಡುಗೆಮನೆ, ಒಲೆಯ ಮುಂದೆ ರೊಟ್ಟಿ ಬಡಿಯುವ ಅವ್ವ, ಮುಚ್ಚಿದ ಕದದಿಂದ ಓರೆಯಾಗಿ ಬಂದು ಅವಳ ಕೈಮೇಲೆ ಬಿದ್ದ ಒಂದು ಗೀರು ಬಿಸಿಲು. ಬೈಲಹೊಂಗಲದಲ್ಲಿ ಪ್ರದರ್ಶನಕ್ಕಿಟ್ಟಾಗ ಒಬ್ಬರು, ಹಳ್ಳಿಮನೆಯ ಶಾಂತಿಯೇ ಬೇರೆ ಎಂದರು. ನನಗೆ ಮೈಯೆಲ್ಲ ಉರಿಯಿತು. ಅವರ ಕಪಾಳಕ್ಕೆ ಬಾರಿಸಬೇಕೆನಿಸಿತು. ಅಪ್ಪನ ಸಿಟ್ಟು ನನಗೂ ಬಳುವಳಿಯಾಗಿ ಬಂದಿದೆ, ಸುಳ್ಳೇಕೆ ಹೇಳಲಿ.

ಆ ಬೆಳಕು ಕೊಡಲಿಯಿಂದ ಬಂದದ್ದು. ನನಗಾಗ ಒಂಬತ್ತು ವರ್ಷ. ಹೊಲಕ್ಕೆ ಬುತ್ತಿ ತಡವಾಯಿತೆಂದು ಅಪ್ಪ ನಡುಮಧ್ಯಾಹ್ನ ಮುನವಳ್ಳಿಯ ಮನೆಗೆ ಬಂದ. ಓಣಿಯಿಂದಲೇ ಅವನ ಬೈಗುಳ ಕೇಳಿಸಿತು. ಹಿಂದಿನ ವಾರವಷ್ಟೇ ಅವ್ವನ ತಲೆ ಒಡೆದಿದ್ದ. ಹೊಲಿಗೆ ಇನ್ನೂ ಬಿಚ್ಚಿರಲಿಲ್ಲ. ಅವಳು ನನ್ನನ್ನು ಒಳಗೆಳೆದುಕೊಂಡು ಅಡುಗೆಮನೆಯ ಕದಕ್ಕೆ ಅಗಳಿ ಹಾಕಿದಳು. ಅಪ್ಪ ಮೊದಲು ಒದ್ದ, ಆಮೇಲೆ ಕೊಡಲಿ ತಂದ. ಮೂರನೆಯ ಏಟಿಗೆ ಹಲಗೆ ಸೀಳಿ ಕೊಡಲಿಯ ಬಾಯಿ ಒಳಗೆ ಬಂತು. ಅದನ್ನು ಹಿಂದಕ್ಕೆ ಕಿತ್ತಾಗ ಆ ಸಂದಿಯಿಂದ ಬಿಸಿಲು ಬಂತು. ಅವ್ವ ರೊಟ್ಟಿ ಬಡಿಯುತ್ತಲೇ ಇದ್ದಳು. ಆ ಸದ್ದು ನಿಂತರೆ ನಾನು ಚೀರುತ್ತೇನೆಂದು ಅವಳಿಗೆ ಗೊತ್ತಿತ್ತು. ಕಡೆಗೆ ನೆರೆಯವರು ಓಡಿ ಬಂದು ಕೊಡಲಿ ಕಸಿದುಕೊಂಡರು. ಅಗಳಿ ಮುರಿದಿರಲಿಲ್ಲ.

ಈಗ ನಾನು ಸವದತ್ತಿಯಲ್ಲಿ ಚಿತ್ರಕಲೆ ಕಲಿಸುತ್ತೇನೆ. ಎಚ್ಚಿಂಗಿನಲ್ಲಿ ಆ್ಯಸಿಡ್ ತಗಡನ್ನು ತಿಂದ ಕಡೆ ಶಾಯಿ ಕೂತು, ಕಾಗದ ಒತ್ತಿದಾಗ ಕಪ್ಪಾಗಿ ಅಚ್ಚಾಗುತ್ತದೆ. ಬೆಳಕು ಬೇಕಾದ ಕಡೆ ವಾರ್ನಿಶ್ ಬಳಿದು, ಆ್ಯಸಿಡ್ ತಾಗದಂತೆ ಕಾಯಬೇಕು. ಕದ, ಗೋಡೆ, ಹೊಗೆ ಎಲ್ಲವನ್ನೂ ಸೇಡು ತೀರಿಸಿಕೊಳ್ಳುವವಳಂತೆ ಮತ್ತೆ ಮತ್ತೆ ಆ್ಯಸಿಡ್ಡಿಗೆ ಇಳಿಸಿದೆ. ಅವ್ವನ ಕೈಯನ್ನೂ ಆ ಬಿಸಿಲನ್ನೂ ಕಾಯ್ದೆ. ಕೊಡಲಿ ಬರೆಯಲಿಲ್ಲ. ಬರೆಯದಿದ್ದರೂ ಅಪ್ಪ ಗುರುತಿಸಬೇಕು, ತಪ್ಪಾಯಿತು ಎನ್ನಬೇಕು. ಅದೊಂದೇ ಆಸೆಯಿಂದ ಒಂದು ಅಚ್ಚಿಗೆ ಗಾಜಿನ ಚೌಕಟ್ಟು ಹಾಕಿಸಿ ಮನೆಗೆ ಒಯ್ದೆ.

ಅಪ್ಪ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಗುರುತಿಸಿದ.

"ನನ್ನ ಕೊಡ್ಲಿ ಎಲ್ಲೈತಿ?" ಅಂದ. "ಕದಾ ಸೀಳಿದಾಂವ ನಾ. ನನ್ನ ಬಿಟ್ಟು ಎಂಥಾ ಚಿತ್ರ ತಗದಿ?"

ತಪ್ಪಾಯಿತು ಎನ್ನುವುದಿರಲಿ, ಆಸ್ತಿಯಲ್ಲಿ ಪಾಲು ಕೇಳುವವನಂತೆ ಕೇಳಿದ. ನಾನು ಮುಷ್ಟಿ ಬಿಗಿದು ಎದ್ದೆ. ಅವ್ವ ನನ್ನ ರಟ್ಟೆ ಹಿಡಿದು ಕೂರಿಸಿದಳು. ಅವನೆದುರು ಎಂದೂ ದನಿಯೆತ್ತದವಳು, ಅವನಿಗೆ ಕೇಳಿಸುವಂತೆಯೇ ನನಗೆ ಹೇಳಿದಳು: "ಅವತ್ತ ನಾ ಅವರನ್ನ ಒಳಗ ಬಿಟ್ಟಿಲ್ಲ. ನೀನೂ ಬಿಡಬ್ಯಾಡ."

ಅಪ್ಪ ಚೌಕಟ್ಟನ್ನು ಕಂಬಕ್ಕೆ ಅಪ್ಪಳಿಸಿದ. ಗಾಜು ಸಿಡಿದು ಅವ್ವನ ಪಾದಕ್ಕೆ ನೆಟ್ಟಿತು. ಕಾಗದವನ್ನು ಹರಿದು, ತುಳಿದು, ಅವನು ಹೊರಗೆ ಹೋದ. ಅವ್ವ ರಕ್ತ ಕೂಡ ಒರೆಸಿಕೊಳ್ಳಲಿಲ್ಲ. ಇಂಥವು ಎಷ್ಟು ತೆಗೆಯಬಹುದು ಎಂದು ಕೇಳಿದಳು. ತಗಡು ಸವೆಯುವವರೆಗೆ ಎಂದೆ.

"ಹಂಗಾರ ನಾಳೆ ಇನ್ನೊಂದ ತಗೊಂಡ ಬಾ," ಅಂದಳು. "ಮೊಳಿ ನಾ ಬಡದ ಇಟ್ಟಿರತೇನಿ."